ರವಿಯ ಕಣ್ಣಿನ ವಿಷಯ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ನಾನು ಕ್ಷೇಮ. ಅಜ್ಜಿಯ ಮಂಡಿನೋವು ಹೇಗಿದೆ?

ನಿಮ್ಮ ಪತ್ರ ಓದಿದ ಮೇಲೆ ನಿದ್ದೆಯೇ ಬಂದಿಲ್ಲ. ರವಿ ಫೋನ್ ಎತ್ತುತ್ತಿಲ್ಲ. ಅದಕ್ಕೇ ಇದರ ಫೋಟೋ ತೆಗೆದು ವಾಟ್ಸಾಪ್‌ನಲ್ಲೂ ಕಳಿಸುತ್ತಿದ್ದೇನೆ. ಅವನಿಗೆ ತಲೆನೋವು, ಹೊಟ್ಟೆ ತೊಳಸು, ಕಣ್ಣು ಮಸುಕು ಅಂತ ಬರೆದಿದ್ದೀರಿ. ನೈಟ್ ಶಿಫ್ಟಿನ ಉಷ್ಣ ಅಂತ ಅಮ್ಮ ನೆತ್ತಿಗೆ ಹರಳೆಣ್ಣೆ ಇಡುತ್ತಿದ್ದಾಳಂತೆ. ಇದು ಬರೀ ಉಷ್ಣ ಅಂತ ಸುಮ್ನೆ ಕೂರಬೇಡಿ ಅಪ್ಪ. ಅವನು ಕೆಲಸ ಮಾಡುವ ಪೀಣ್ಯದ ಆ ಶಾಪಿನಲ್ಲಿ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್‌ಗೆ ಏನು ಸುರಿಯುತ್ತಾರೆ, ಕೊರೆದ ಭಾಗ ಒರೆಸಲು ಯಾವ ಕ್ಯಾನ್ ಬಳಸುತ್ತಾರೆ, ಮೊದಲು ಅದನ್ನು ಕೇಳಿ.

ಇಲ್ಲೇ ಕೊರಿಯಾದಲ್ಲಿ ಇಂಚಿಯೋನ್, ಬುಚಿಯೋನ್ ಕಡೆ 2015-16ರಲ್ಲಿ ಮೊಬೈಲಿನ ಅಲ್ಯೂಮಿನಿಯಂ ಭಾಗ ಕೊರೆಯುವ ಸಣ್ಣ ಫ್ಯಾಕ್ಟರಿಗಳಲ್ಲಿ ರವಿಯ ವಯಸ್ಸಿನವರ ಕಣ್ಣೇ ಹೋಯಿತು. ಮೆಷಿನ್‌ಗೆ ಎಥನಾಲ್ ಸ್ಪಿರಿಟ್ ಬದಲು ಅಗ್ಗ ಅಂತ ಮೆಥನಾಲ್ ಸ್ಪಿರಿಟ್ ಹಾಕಿದ್ದರು. ಗಾಳಿ ಆಡುತ್ತಿರಲಿಲ್ಲ. ಅದು ವಿಷ ಅಂತ ಆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಜಾಸ್ತಿ ಜನ ಸತ್ತರು ಅಂತ ನೀವೇ ಹೇಳುತ್ತಿದ್ದಿರಲ್ಲ, ಅದೇ ವಿಷ. ಕುಡಿಯಲೇಬೇಕು ಅಂತಿಲ್ಲ. ಉಸಿರಿನಲ್ಲಿ, ಚರ್ಮದಲ್ಲಿ ಒಳಗೆ ಹೋದರೂ ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರ ಕೆಡಿಸುತ್ತದೆ. ನರ ಸತ್ತ ಮೇಲೆ ಕನ್ನಡಕದಿಂದ ಏನೂ ಆಗುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಆ ವಿಷವನ್ನು ಬಟ್ಟೆ ತಡೆಯುವುದಿಲ್ಲ.

ಕನ್ನಡಕದ ಅಂಗಡಿಗೆ ಬೇಡ. ಇಎಸ್‌ಐ ಕಾರ್ಡ್ ಇಟ್ಟುಕೊಂಡು ಇವತ್ತೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಕ್ಯಾನಿನ ಲೇಬಲ್ ಫೋಟೋ ತೋರಿಸಿ, ಮೆಥನಾಲ್ ಇರಬಹುದು, ರಕ್ತ ನೋಡಿ ಅಂತ ಬಾಯಿಬಿಟ್ಟು ಕೇಳಿ. ಬೇಗ ಹೋದರೆ ಔಷಧಿ ಇದೆ, ಡಯಾಲಿಸಿಸ್ ಇದೆ. ಕೆಲಸ ಹೋಗುತ್ತೆ ಅಂತ ಅವನು ಮುಚ್ಚಿಡುತ್ತಾನೆ, ಬಿಡಬೇಡಿ. ಹೆಣ್ಣು ನೋಡುವ ಶಾಸ್ತ್ರ ಮುಂದಕ್ಕೆ ಹಾಕಿ. ದುಡ್ಡು ಕಳಿಸಿದ್ದೇನೆ.

ನನ್ನ ಬಗ್ಗೆ ಚೂರೂ ಯೋಚನೆ ಬೇಡ. ನನ್ನದು ಕೂತು ಡ್ರಾಯಿಂಗ್ ನೋಡುವ ಕೆಲಸ, ಕಣ್ಣು ಚೆನ್ನಾಗಿದೆ. ನಮ್ಮಲ್ಲಿ ಡಬ್ಬಕ್ಕೊಂದು ಲೇಬಲ್. ಕಣ್ಣು ತೊಳೆಯಲೆಂದೇ ಒಂದು ನಲ್ಲಿ, ನೀರು ಮೇಲಕ್ಕೆ ಚಿಮ್ಮುತ್ತದೆ! ಅಮ್ಮನಿಗೆ ತೋರಿಸಬೇಕು. ಮೂರು ಹೊತ್ತೂ ಹುಳಿ ಬಂದ ಕೋಸು ತಿನ್ನುವ ಊರು, ಆದರೆ ಚಪ್ಪಲಿ ನಮ್ಮ ಹಾಗೇ ಬಾಗಿಲಲ್ಲೇ ಬಿಡುತ್ತಾರೆ.

ರವಿಗೆ ಏನೂ ಆಗಲ್ಲ, ಅಮ್ಮ ಅಳಬಾರದು. ಏನೂ ಆಗಲ್ಲ. ಆದರೆ ಇವತ್ತೇ ಹೋಗಿ.

ಬಸ್ ಬಂತು. ಡಾಕ್ಟರ್ ನೋಡಿದ ಕೂಡಲೇ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ.

ಇಂತಿ ನಿಮ್ಮ ಮಗ,
ಸುರೇಶ