ಹುಂಜವನ್ನು ಕೆರೆ ಬಳಿ ಬಿಡಬೇಡಿ

ಮಾನ್ಯರೆ,

ಮೈಸೂರಿನ ಬಡಾವಣೆಗಳಲ್ಲೂ ಹಿತ್ತಲಲ್ಲಿ ಕೋಳಿ ಸಾಕುವವರಿದ್ದಾರೆ. ಮೊಟ್ಟೆ ಆಸೆಗೆ ಮರಿ ತರುತ್ತಾರೆ. ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಅಲ್ವಾ? ರಸ್ತೆ ಬದಿ ಮಾರುವ ಬಣ್ಣ ಹಚ್ಚಿದ ಮರಿಗಳಂತೂ ಬಹುಪಾಲು ಗಂಡೇ, ಮರಿ ಮಾಡಿಸುವ ಹ್ಯಾಚರಿಗೆ ಬೇಡವಾದವು. ನಾಲ್ಕೈದು ತಿಂಗಳಿಗೆ ಕೂಗು ಶುರು. ಬೆಳಗಿನ ಜಾವ ನಾಲ್ಕಕ್ಕೇ ಕೂಗಿದರೆ ಪಕ್ಕದ ಮನೆಯವರು ಸುಮ್ನಿರುತ್ತಾರಾ?

ಲಿಂಗಾಂಬುಧಿ ಕೆರೆ ಕಡೆಯೋ ಚಾಮುಂಡಿ ಬೆಟ್ಟದ ತಪ್ಪಲಲ್ಲೋ ಬಿಟ್ಟು ಬಂದರೆ ಹೇಗೋ ಬದುಕಿಕೊಳ್ಳುತ್ತದೆ ಅನ್ನುವುದು ಸುಳ್ಳು. ಮನೆಯಲ್ಲಿ ಬೆಳೆದ ಹುಂಜ ಬೀದಿನಾಯಿ ಬಾಯಿಗೆ ಬೀಳುತ್ತದೆ, ಅಷ್ಟೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಸಾಕಿದ್ದನ್ನು ಹೀಗೆ ಬಿಟ್ಟು ಬರುವುದೂ ಅಪರಾಧ, ಪಂದ್ಯಕ್ಕೆ ಕಾದಾಡಿಸುವುದೂ ಅಪರಾಧ.

ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕೇ ಇಲ್ಲ. ಮರಿಯ ಬದಲು ಬೆಳೆದ ಹೇಂಟೆಯನ್ನೇ ಕೊಳ್ಳಿ. ಹುಂಜ ಬಂದೇಬಿಟ್ಟಿದ್ದರೆ ರಾತ್ರಿ ಗಾಳಿಯಾಡುವ ಕತ್ತಲೆ ಗೂಡಿನಲ್ಲಿಡಿ. ಕೂಗು ನಿಲ್ಲುವುದಿಲ್ಲ, ಸ್ವಲ್ಪ ತಗ್ಗಬಹುದು. ಹಳ್ಳಿಯಲ್ಲಿ ಸಾಕುವವರಿಗೂ ಕೊಡಬಹುದು. ಆದರೆ ಎಂಟು-ಹತ್ತು ಹೇಂಟೆಗೆ ಒಂದೇ ಹುಂಜ ಸಾಕು, ಅಲ್ಲೂ ಬೇಡಿಕೆ ಅಷ್ಟಕ್ಕಷ್ಟೇ.

ಕೊನೆಗೆ ಕೊಯ್ದು ಸಾರು ಮಾಡುವುದೇ ಅನ್ನುವುದಾದರೆ ನನ್ನ ತಕರಾರಿಲ್ಲ. ಕಾಲು ಕಟ್ಟಿ ಸ್ಕೂಟರ್ ಹ್ಯಾಂಡಲ್‌ಗೆ ತಲೆಕೆಳಗಾಗಿ ನೇತುಹಾಕುವುದು ಮಾತ್ರ ಬೇಡ. ಬುಟ್ಟಿಯಲ್ಲಿ ಒಯ್ಯಿರಿ. ಕೈ ಪಳಗಿದವರು ಹರಿತವಾದ ಚಾಕುವಿನಿಂದ ಬೇಗ ಮುಗಿಸಲಿ. ಬಣ್ಣದ ಮರಿ ಮಾರುವವರ ಮೇಲೆ ಪಾಲಿಕೆಯವರೂ ಒಂದು ಕಣ್ಣಿಡಬೇಕು.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು