ಲಕ್ಷದ ವಾಚು ಸರಿ, ಆರು ಸಾವಿರದವರು ಏನು ಕೊಳ್ಳಬೇಕು?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಡೈವಿಂಗ್ ವಾಚುಗಳ ಬಗ್ಗೆ ಇಡೀ ಒಂದು ಪುಟ ಬಂದಿತ್ತು. ಫೋಟೊಗಳು ಚೆನ್ನಾಗಿದ್ದವು. ಆದರೆ ಅದರಲ್ಲಿದ್ದ ಎಲ್ಲಕ್ಕಿಂತ ಅಗ್ಗದ ವಾಚಿಗೂ ನನ್ನ ಸ್ಕೂಟರ್ ಮಾರಿದ ದುಡ್ಡು ಸಾಲದು. ನಾನು ಕುಮಟಾದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ನೀರು, ಪ್ರೆಶರ್, ಸೀಲು ಇವೇ ನನಗೆ ಅನ್ನ ಹಾಕುವುದು. ಹಾಗಾಗಿ ಕಿಸೆ ಸಣ್ಣದಿರುವವರಿಗಾಗಿ ಒಂದಿಷ್ಟು ಬರೆಯುತ್ತಿದ್ದೇನೆ, ಜಾಗ ಇದ್ದರೆ ಹಾಕಿ.

ನಮ್ಮಪ್ಪ ಬಾವಿಗೆ ಇಳಿಯುವ ಮೊದಲು ಎಚ್‌ಎಂಟಿ ಜನತಾ ವಾಚು ಬಿಚ್ಚಿ ಅಂಗಿಯ ಜೇಬಿಗೆ ಹಾಕಿ, ಅಂಗಿಯನ್ನು ಗಿಡಕ್ಕೆ ನೇತುಹಾಕುತ್ತಿದ್ದರು. ನನಗೆ ಆ ಬುದ್ಧಿ ಇರಲಿಲ್ಲ. ನನ್ನ ವಾಚಿನ ಮುಖದ ಮೇಲೆ 30 ಮೀಟರ್ ಅಂತ ಬರೆದಿತ್ತು, ಬಾವಿಯಲ್ಲಿ ಇದ್ದದ್ದು ಎರಡಾಳು ನೀರು. ಬಿದ್ದಿದ್ದ ಫುಟ್‌ವಾಲ್ವ್ (ಪಂಪಿನ ಪೈಪಿನ ಕೆಳತುದಿಯ ವಾಲ್ವ್) ಎತ್ತಲು ಹಾಗೇ ಮುಳುಗಿದೆ. ಮೇಲೆ ಬಂದಾಗ ಗಾಜಿನ ಒಳಗೆಲ್ಲ ಮಂಜು, ಸಂಜೆ ಹೊತ್ತಿಗೆ ಮುಳ್ಳು ನಿಂತಿತ್ತು. ಬಿಚ್ಚಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಎರಡು ತಿಂಗಳ ಹಿಂದೆ ಸೆಲ್ ಹಾಕಿದ ಪುಣ್ಯಾತ್ಮ ಹಳೆಯ ರಬ್ಬರ್ ರಿಂಗನ್ನೇ ಎಳೆದು ಕೂರಿಸಿ, ಒಂದು ಕಡೆ ಸೊಟ್ಟಗೆ ಬಿಟ್ಟು ಮುಚ್ಚಳ ಒತ್ತಿದ್ದ. ಅಂಗಡಿ ಹೆಸರು ಬೇಡ, ಊರೆಲ್ಲಾ ಹೀಗೇ ಮಾಡ್ತಾರೆ.

ಈ 30 ಮೀಟರ್ ಲೆಕ್ಕ ಜನಕ್ಕೆ ಮೋಸವಾಗುವ ಜಾಗ. ನಮ್ಮ ಕಸುಬಿನಲ್ಲಿ 10 ಮೀಟರ್ ನೀರು ಅಂದರೆ ಚದರ ಸೆಂಟಿಮೀಟರಿಗೆ 1 ಕೆಜಿ ಪ್ರೆಶರ್. ಅಂದರೆ ಹೊಸ ವಾಚು ಕಾರ್ಖಾನೆಯಲ್ಲಿ 3 ಕೆಜಿ ತಡೆದಿದೆ ಅಂತ ಅರ್ಥ, ಅದೂ ಅಲ್ಲಾಡದೆ, ತಣ್ಣಗಿನ ನೀರಲ್ಲಿ. ಮಳೆ, ಕೈ ತೊಳೆಯುವುದು, ಅಷ್ಟಕ್ಕೆ ಅದು ಸಾಕು. ಈಜಬೇಕು ಅಂದರೆ 100 ಮೀಟರ್ ಬರೆದದ್ದು ತೆಗೆದುಕೊಳ್ಳಿ. ನೀರಲ್ಲಿ ಕೈ ಬೀಸಿದರೆ ಪ್ರೆಶರ್ ಹತ್ತು ಪಟ್ಟು ಏರುತ್ತದೆ, ಅದಕ್ಕೇ ವಾಚು ಹಾಳಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ಅದು ಸುಮ್ನೆ ಮಾತು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಕೈ ಬೀಸಿದರೂ ಜಾಸ್ತಿಯಾಗುವುದು 20 ಸೆಂಟಿಮೀಟರ್ ನೀರಿನಷ್ಟು ಪ್ರೆಶರ್, ಪಂಪಿನವರು ಯಾರಾದರೂ ಈ ಲೆಕ್ಕ ಮಾಡಿ ಕೊಡುತ್ತಾರೆ. ವಾಚು ಸಾಯುವುದು ಹಳೇ ರಬ್ಬರಿನಿಂದ, ಸೋಪು ಮತ್ತು ಬಿಸಿನೀರಿನಿಂದ, ಸಮಯ ಹೊಂದಿಸಲು ಎಳೆದು ಹಾಗೇ ಬಿಟ್ಟ ಪಕ್ಕದ ಕೀಯಿಂದ.

ನಿಜವಾದ ಡೈವಿಂಗ್ ವಾಚಿಗೆ ಬೇರೆಯೇ ಅಂತಾರಾಷ್ಟ್ರೀಯ ನಿಯಮ ಇದೆ, ಐಎಸ್‌ಒ 6425 ಅಂತ. ಕನಿಷ್ಠ 100 ಮೀಟರ್ ತಡೆಯಬೇಕು, ಬರೆದದ್ದಕ್ಕಿಂತ ಶೇ. 25 ಜಾಸ್ತಿ ಪ್ರೆಶರ್ ಕೊಟ್ಟು ನೋಡಬೇಕು, ಕತ್ತಲಲ್ಲಿ ಒಂದು ಗೇಣು ದೂರದಿಂದ ಸಮಯ ಕಾಣಬೇಕು. ಇದನ್ನು ದಾಟಿದ ವಾಚಿನ ಮೇಲೆ ‘ಡೈವರ್ಸ್ 200 ಮೀ’ ಅಂತ ಇರುತ್ತದೆ. ಬರೀ 200 ಮೀ ಅಂತ ಇದ್ದರೆ ಕಂಪನಿ ಆ ಹೆಸರಿನ ಹೊಣೆ ಹೊತ್ತಿಲ್ಲ ಅಂತ ತಿಳಿಯಿರಿ.

ಈಗ ಅಕ್ಕನ ಮಗನ ಕತೆ. ಅವನಿಗೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ (ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಮಾಡುವ ಆಸೆ, ಅದಕ್ಕೆ ಮೊದಲು ಡೈವಿಂಗ್ ವಾಚು ಬೇಕಂತೆ. ‘ಮಾವ, ಬಜೆಟ್ ಆರು ಸಾವಿರ’ ಅಂದ. ಆನ್‌ಲೈನಿನಲ್ಲಿ ಎಂಟುನೂರು ರೂಪಾಯಿಗೆ ಒಂದನ್ನು ಹುಡುಕಿಯೂ ಇಟ್ಟಿದ್ದ. ನೋಡಲು ಥೇಟ್ ದುಬಾರಿ ವಾಚಿನ ಹಾಗೆ. ಮುಖದ ಸುತ್ತಲಿನ ಬಳೆ ತಿರುಗುವುದೇ ಇಲ್ಲ, ಪಕ್ಕದ ಕೀಗೆ ತಿರುಪು ಇಲ್ಲ, ಒಳಗಿನ ಸಣ್ಣ ಮುಳ್ಳುಗಳು ಬರೀ ಚಿತ್ರ. ಬಿಡು ಮಾರಾಯ ಅಂದೆ.

ಕೊನೆಗೆ ಆರು ಸಾವಿರದ ಒಳಗೇ ಕ್ಯಾಸಿಯೊ ಡ್ಯೂರೋ ತೆಗೆದುಕೊಂಡೆವು. ಬಿಲ್ ಗೇಟ್ಸ್ ಕೈಯಲ್ಲೂ ಇದೇ ವಾಚು ಕಾಣಿಸಿದೆ, ಅವರ ಬಜೆಟ್ ಏನಿತ್ತೋ ಗೊತ್ತಿಲ್ಲ! 200 ಮೀಟರ್, ಹಿಂದಿನ ಮುಚ್ಚಳಕ್ಕೂ ಕೀಗೂ ತಿರುಪು, ಸೆಲ್ಲಿನ ಮೇಲೆ ಓಡುತ್ತದೆ, ಬಳೆ ಎಡಕ್ಕೆ ಮಾತ್ರ ಕಟಕಟ ತಿರುಗುತ್ತದೆ. ಎಡಕ್ಕೆ ಮಾತ್ರ ಯಾಕೆ ಅಂದರೆ, ನೀರಿಗೆ ಇಳಿಯುವಾಗ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿಟ್ಟಿರುತ್ತೀರಿ, ಆಮೇಲೆ ಅದು ಎಲ್ಲಾದರೂ ತಾಗಿ ಸರಿದರೂ ಕಳೆದ ಸಮಯ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆಯೇ ಹೊರತು ಕಮ್ಮಿ ತೋರಿಸುವುದಿಲ್ಲ, ನೀವು ಬೇಗ ಮೇಲೆ ಬರುತ್ತೀರಿ, ಜೀವ ಉಳಿಯುತ್ತದೆ. ನಾನು ಈಗ ಅದೇ ಬಳೆಯಲ್ಲಿ ಬೋರ್‌ವೆಲ್ ನೀರು ಎಷ್ಟು ಹೊತ್ತಿಗೆ ಡ್ರಮ್ ತುಂಬುತ್ತದೆ ಅಂತ ನೋಡುತ್ತೇನೆ. ಹೌದು, ಅವನದು ನೋಡಿ ನಾನೂ ಒಂದು ಕೊಂಡೆ.

ಕುಂದು ಹೇಳದಿದ್ದರೆ ತಪ್ಪಾಗುತ್ತದೆ. ಡ್ಯೂರೋ ಮೇಲೆ ‘ಡೈವರ್ಸ್’ ಅನ್ನುವ ಪದ ಇಲ್ಲ, ಸಿಲಿಂಡರ್ ಕಟ್ಟಿಕೊಂಡು ಇಳಿಯುವುದಕ್ಕೆ ಬೇಡ ಅಂತ ಕಂಪನಿಯ ಪುಸ್ತಿಕೆಯೇ ಹೇಳುತ್ತದೆ. ಗಾಜಿಗೆ ಗೀರು ಬೀಳುತ್ತದೆ. ಸಣ್ಣ ಮಣಿಕಟ್ಟಿಗೆ ದೊಡ್ಡದಾಯಿತು. ನೇತ್ರಾಣಿಯಲ್ಲಿ ನಾವಿಬ್ಬರೂ ಹಾಕಿಕೊಂಡೇ ಇಳಿದೆವು, ಸುಮಾರು 10 ಮೀಟರ್, ಒಂದು ಹನಿ ಒಳಗೆ ಹೋಗಲಿಲ್ಲ. ಆದರೆ ಅದು ನಮ್ಮ ಹೊಣೆಯ ಮೇಲೆ ಮಾಡಿದ್ದು, ಯಾರಿಗೂ ಹಾಗೆ ಮಾಡಿ ಅನ್ನುವುದಿಲ್ಲ. ಅಲ್ಲಿ ಸಮಯ, ಆಳ ಎಲ್ಲಾ ನೋಡಿಕೊಂಡದ್ದು ಜೊತೆಗಿದ್ದ ಮಾಸ್ತರರ ಕೈಯಲ್ಲಿನ ಡೈವ್ ಕಂಪ್ಯೂಟರ್. ಒಂದು ದಿನದ ಸ್ಕೂಬಾಕ್ಕೆ ಹೋಗುವವರಿಗೆ ವಾಚಿನ ಅಗತ್ಯವೇ ಇಲ್ಲ, ಆ ದುಡ್ಡಲ್ಲಿ ಇನ್ನೊಂದು ಸಲ ಮುಳುಗಬಹುದು.

ಇದರ ಎರಡು ಮೂರು ಪಟ್ಟು ದುಡ್ಡು ಇರುವವರು ಸಿಟಿಜನ್ ಪ್ರೊಮಾಸ್ಟರ್‌ನಲ್ಲಿ ಬಿಸಿಲಿಗೆ ಚಾರ್ಜ್ ಆಗುವ ‘ಡೈವರ್ಸ್ 200 ಮೀ’ ನೋಡಿ. ಸೆಲ್ ಬದಲಿಸಲು ಮುಚ್ಚಳ ಬಿಚ್ಚುವ ರಗಳೆ ಇಲ್ಲ, ನನ್ನ ಕಣ್ಣಲ್ಲಿ ಅದೇ ದೊಡ್ಡ ಲಾಭ. ಸೀಕೊ ಕೊಳ್ಳುವವರು ಮಾತ್ರ ಹುಷಾರು. 1996ರಿಂದ ಬರುತ್ತಿದ್ದ ಎಸ್‌ಕೆಎಕ್ಸ್ ಮಾದರಿ ನಿಜವಾದ ಡೈವಿಂಗ್ ವಾಚು. ಅದು ನಿಂತ ಮೇಲೆ 2019ರಲ್ಲಿ ಅದೇ ಮುಖ ಹೊತ್ತು ಬಂದ ಸೀಕೊ 5 ಸ್ಪೋರ್ಟ್ಸ್ 100 ಮೀಟರ್‌ನದು, ಕೀಗೆ ತಿರುಪಿಲ್ಲ. ಈಜಲು ಸಾಕು, ಡೈವಿಂಗ್‌ಗೆ ಬೇಡ. ಸೆಕೆಂಡ್ ಹ್ಯಾಂಡಿನಲ್ಲಿ ಹಳೇ ಸೀಕೊ ಅಂತ ಹೊಸ ಬಣ್ಣ ಬಳಿದ ಮುಖಗಳೂ ಬರುತ್ತವೆ, ಒಳಗಿನ ರಬ್ಬರ್ ಯಾವ ಕಾಲದ್ದೋ ದೇವರಿಗೇ ಗೊತ್ತು.

ಕಸುಬಿನವನಾಗಿ ನನಗೆ ಮನಸ್ಸಿಗೆ ಹಿಡಿದದ್ದು ರಷ್ಯಾದ ವೊಸ್ಟಾಕ್ ಆಂಫಿಬಿಯಾ. 1967ರದು. ನೀರು ಒತ್ತಿದಷ್ಟೂ ಹಿಂದಿನ ಮುಚ್ಚಳ ತನ್ನ ದಪ್ಪ ರಬ್ಬರ್ ಮೇಲೆ ಇನ್ನೂ ಬಿಗಿಯಾಗಿ ಕೂರುತ್ತದೆ. ಎದುರಾಳಿಯ ಬಲವನ್ನೇ ತಿರುಗಿಸಿ ಬಳಸಿಕೊಂಡ ಹಾಗೆ, ಎಂಥಾ ತಲೆ ಅಲ್ವಾ? ಇಲ್ಲಿ ರಿಪೇರಿಗೆ ಸಾಮಾನು ಸಿಗುವುದು ಕಷ್ಟ ಅಂತ ಕೊಳ್ಳಲಿಲ್ಲ.

ಯಾವುದೇ ಕೊಂಡರೂ ನೀರಿಗೆ ಇಳಿಯುವ ಮೊದಲು ಕೀ ಪೂರ್ತಿ ತಿರುಪಿ, ನೀರೊಳಗೆ ಅದನ್ನು ಮುಟ್ಟಬೇಡಿ. ಚರ್ಮದ ಪಟ್ಟಿ ಬೇಡ. ಸಮುದ್ರದಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ. ಸೆಲ್ ಹಾಕಿಸುವಾಗ ಹೊಸ ಗ್ಯಾಸ್ಕೆಟ್ (ಅದೇ ರಬ್ಬರ್ ರಿಂಗ್) ಕೇಳಿ, ಎದುರಿಗೇ ನಿಂತು ಹಾಕಿಸಿ, ಆಗುವುದಾದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಅದಕ್ಕೆ ಆಗುವ ಖರ್ಚನ್ನು ಮೊದಲೇ ಬಜೆಟ್ಟಿನಲ್ಲಿ ತೆಗೆದಿಡಿ.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ವಾಚಿನ ಪುಟ ಮಾಡುವಾಗ ಆರು ಸಾವಿರದ್ದೂ ಒಂದು ಫೋಟೊ ಇರಲಿ. ಮುಖದ ಫೋಟೊ ಬೇಡ, ಹಿಂದಿನ ಮುಚ್ಚಳದ್ದು ಹಾಕಿ.

ಇಂತಿ,
ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್, ಕುಮಟಾ