ಕೊಲೆಗಾರ ಯಾರು ಅಂತ ಮಾತ್ರ ಹೇಳಲ್ಲ ಅಮ್ಮಾ

ಕಿರುನಾ, ಸ್ವೀಡನ್
ಜನವರಿ 2026

ಅಮ್ಮಾ,

ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತೆ, ಕಾಗದವಾದರೆ ಮಧ್ಯಾಹ್ನ ಊಟ ಆದಮೇಲೆ ಇನ್ನೊಂದು ಸಲ ಓದಬಹುದು ಅಂದೆಯಲ್ಲ, ಅದಕ್ಕೇ ಕೂತಿದ್ದೇನೆ. ಪೆನ್ನು ಹಿಡಿದು ಎಷ್ಟು ದಿನ ಆಯ್ತೋ. ಅಕ್ಷರ ನೋಡಿ ಅಪ್ಪ ನಗದೇ ಇರಲಿ.

ನಾವು ಚೆನ್ನಾಗಿದ್ದೇವೆ. ಇವತ್ತು ಹೊರಗೆ ಮೈನಸ್ 28. ಅಂಥ ದಿನ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಒಂದಕ್ಕೊಂದು ಅಂಟಿಕೊಂಡ ಹಾಗಾಗುತ್ತೆ. ಕಾರಿಗೂ ರಾತ್ರಿ ವೈರು ಹಾಕಿ ಎಂಜಿನ್ ಬೆಚ್ಚಗೆ ಇಡಬೇಕು, ಮೊಬೈಲ್ ಚಾರ್ಜಿಗೆ ಹಾಕಿದ ಹಾಗೆ. ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ಮೂರು ವಾರ ಸೂರ್ಯನ ಮುಖ ಕಂಡಿರಲಿಲ್ಲ. ಹಾಗಂತ ಪೂರ್ತಿ ಕತ್ತಲೆ ಅಂತಲ್ಲ, ಮಧ್ಯಾಹ್ನ ಒಂದೆರಡು ಗಂಟೆ ಬಟ್ಟೆಗೆ ಹಾಕುವ ನೀಲಿಯ ನೀರಿನಂಥ ಬೆಳಕು ಇರುತ್ತೆ. ಈಗ ಸೂರ್ಯ ಗುಡ್ಡದಂಚಿಗೆ ಬಂದು ಹಣಕಿ ಹೋಗುತ್ತಾನೆ.

ನೀನು ಕೇಳಿದ್ದು ಪುಸ್ತಕದ ವಿಷಯ. 'ಬುಧವಾರ ಸಂಜೆ ಫೋನ್ ಎತ್ತಲ್ಲ, ಎಲ್ಲಿ ಹೋಗ್ತೀಯ' ಅಂತ. ಲೈಬ್ರರಿಗೆ ಹೋಗುತ್ತೇನೆ. ತಿಂಗಳಿಗೊಂದು ಬುಧವಾರ ಏಳೆಂಟು ಜನ ಸೇರಿ ಒಂದೇ ಪುಸ್ತಕ ಓದಿಕೊಂಡು ಬಂದು ಮಾತಾಡುತ್ತಾರೆ. ನನ್ನ ಸ್ವೀಡಿಷ್ ಸುಧಾರಿಸಲಿ ಅಂತ ಸೇರಿಕೊಂಡೆ. ಅಲ್ಲಿ ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ, ಜೊತೆಗೆ ಒಂದು ಡಬ್ಬಿಯಲ್ಲಿ ಚೀಸಿನ ತುಂಡು. ಆ ಚೀಸನ್ನು ಕಾಫಿಯೊಳಗೇ ಹಾಕುತ್ತಾರೆ ಅಮ್ಮಾ! ಕರಗಲ್ಲ. ಕಾಫಿ ಹೀರಿಕೊಂಡು ಮೆತ್ತಗಾಗಿ, ಕಚ್ಚಿದರೆ ಹಲ್ಲಿನಡಿ ಕಿಚ್ ಕಿಚ್ ಅನ್ನುತ್ತೆ. ಗಟ್ಟಿ ಗಿಣ್ಣನ್ನು ಕಾಫಿಗೆ ಅದ್ದಿ ತಿಂದ ಹಾಗೆ ಅಂದುಕೋ. ನೀನು ಮುಖ ಸಿಂಡರಿಸುವುದು ಇಲ್ಲಿಗೇ ಕಾಣುತ್ತಿದೆ.

ಇಲ್ಲಿಯವರು ಹೌದು ಅನ್ನುವುದಕ್ಕೆ ಬಾಯಿ ಬಿಟ್ಟು ಹೇಳುವುದಿಲ್ಲ, ತುಟಿ ಮುಂದೆ ಮಾಡಿ ಉಸಿರು ಒಳಗೆ ಎಳೆದುಕೊಳ್ಳುತ್ತಾರೆ. ಶುಪ್. ಅಷ್ಟೇ. ಮೊದಲ ಸಲ ಪಕ್ಕದಲ್ಲಿದ್ದ ಅಜ್ಜಿ ಹಾಗೆ ಮಾಡಿದಾಗ ಚೀಸು ಗಂಟಲಲ್ಲಿ ಸಿಕ್ಕಿತೇನೋ ಅಂತ ನೀರು ತರಲು ಎದ್ದಿದ್ದೆ. ಆಮೇಲೆ ಗೊತ್ತಾಯಿತು, ಆಯಮ್ಮ ನನ್ನ ಮಾತನ್ನು ಒಪ್ಪಿದ್ದರು.

ಈ ಸಲದ ಪುಸ್ತಕ ಪತ್ತೇದಾರಿ. ಓಸಾ ಲಾರ್ಸನ್ ಅನ್ನುವವರದು, ಹೆಸರು ಸೂಲ್‌ಸ್ಟೊರ್ಮ್, ಅಂದರೆ ಸೌರ ಬಿರುಗಾಳಿ. ಬಂದದ್ದು 2003ರಲ್ಲಿ, ಅವರ ಮೊದಲ ಕಾದಂಬರಿ. ಆ ವರ್ಷದ ಒಳ್ಳೆಯ ಚೊಚ್ಚಲ ಪತ್ತೇದಾರಿ ಅಂತ ಇಲ್ಲಿ ಬಹುಮಾನವೂ ಬಂತು. ಕತೆ ನಡೆಯುವುದು ಇದೇ ಊರಿನಲ್ಲಿ. ಒಂದು ದೊಡ್ಡ ಚರ್ಚಿನೊಳಗೆ ಒಬ್ಬ ಹುಡುಗನ ಕೊಲೆ ಆಗಿರುತ್ತೆ. ಅವನು ಸಾಮಾನ್ಯದವನಲ್ಲ. ಒಂದು ಸಲ ಸತ್ತು, ಸ್ವರ್ಗ ನೋಡಿ ವಾಪಸ್ ಬಂದೆ ಅಂತ ಪುಸ್ತಕ ಬರೆದು ದೇಶಕ್ಕೆಲ್ಲ ಹೆಸರಾದವನು, ಅವನಿಂದಲೇ ಚರ್ಚಿಗೆ ಜನ, ದುಡ್ಡು ಎಲ್ಲ. ಹೆಣ ನೋಡಿದ್ದು ಅವನ ಅಕ್ಕ. ಅವಳ ಹಳೇ ಗೆಳತಿ ರೆಬೆಕಾ, ಸ್ಟಾಕ್‌ಹೋಮಿನಲ್ಲಿ ತೆರಿಗೆ ವಕೀಲೆ, ಯಾವತ್ತೋ ಜಗಳವಾಗಿ ಊರು ಬಿಟ್ಟವಳು, ಇಷ್ಟವಿಲ್ಲದಿದ್ದರೂ ವಾಪಸ್ ಬರುತ್ತಾಳೆ. ಬರೆದವರೂ ಕಿರುನಾದಲ್ಲೇ ಬೆಳೆದವರು, ಅವರೂ ತೆರಿಗೆ ವಕೀಲೆಯೇ ಆಗಿದ್ದರು.

ಇಲ್ಲಿಂದ ಮುಂದೆ ಹೇಳಲ್ಲ. ನಿನ್ನ ಚಾಳಿ ನನಗೆ ಗೊತ್ತಿದೆ. ಸಾಗರದ ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಯಾರೋ ಪುಣ್ಯಾತ್ಮ ಕೊನೆಯ ಹಾಳೆ ಹರಿದಿದ್ದ ಅಂತ ಎರಡು ರಾತ್ರಿ ನಿದ್ದೆಗೆಟ್ಟವಳು ನೀನು. ಅದಾದ ಮೇಲೆ ಯಾವ ಪುಸ್ತಕ ತಂದರೂ ಕೊನೆಯ ಪುಟ ಇದೆಯಾ ನೋಡುತ್ತೇನೆ ಅಂತ ತೆಗೆದು, ಓದಿಯೇ ಬಿಡುತ್ತಿದ್ದೆ.

ಆದರೆ ಇಲ್ಲಿ ಒಂದು ತಮಾಷೆ ನೋಡು. ಎರಡು ಗಂಟೆ ಮಾತಾಡಿದೆವು, ಕೊಲೆಗಾರ ಯಾರು ಅನ್ನುವುದರ ಬಗ್ಗೆ ಐದು ನಿಮಿಷವೂ ಇಲ್ಲ.

ಮೊದಲು ಬಾಯಿ ತೆರೆದದ್ದು ಗಣಿಯಲ್ಲಿ ದುಡಿದು ರಿಟೈರ್ ಆದ ಒಬ್ಬರು. ಈ ಊರು ಹುಟ್ಟಿದ್ದೇ ಕಬ್ಬಿಣದ ಅದಿರಿಗಾಗಿ, ಈಗಲೂ ರಾತ್ರಿ ಒಂದೂವರೆ ಆಸುಪಾಸಿಗೆ ನೆಲದಡಿ ಸಿಡಿಮದ್ದು ಹೊಡೆಯುವುದು ಹಾಸಿಗೆಯಲ್ಲಿ ಮಲಗಿದವರಿಗೂ ಗೊತ್ತಾಗುತ್ತೆ. ಅವರ ತಕರಾರು, 'ವಕೀಲರು ಜಾಸ್ತಿ, ಗಣಿ ಕಡಿಮೆ.' ಹಾಗೆ ಬೈದು, ಆಮೇಲೆ ಹೊಗಳಿದರು. ಸ್ಟಾಕ್‌ಹೋಮಿನಲ್ಲಿ ಕೂತು ಉತ್ತರದ ಚಳಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ, ಅವರ ಕೊಲೆಗಾರ ಮೈನಸ್ 25ರಲ್ಲಿ ಸದ್ದಿಲ್ಲದೆ ಹಿಂದಿನಿಂದ ಬರುತ್ತಾನಂತೆ. 'ಹೇಗಪ್ಪಾ ಬರ್ತಾನೆ? ಹಿಮ ಸುಮ್ನೆ ಬಿಡುತ್ತಾ?' ಅಂತ ಮೇಜಿನ ಮೇಲೆ ಬೆರಳು ಒತ್ತಿ ಕಿರ್ರ್ ಅಂತ ಸದ್ದು ಮಾಡಿ ತೋರಿಸಿದರು. ನಿಜ ಅಮ್ಮಾ. ಚಳಿ ಕಡಿಮೆ ಇದ್ದಾಗ ಹಿಮ ಕಾಲಡಿ ಮೆತ್ತಗೆ ಕೂರುತ್ತೆ. ಚಳಿ ಏರಿದ ಹಾಗೆ ಹೊಸ ಚಪ್ಪಲಿ ಹಾಕಿಕೊಂಡು ಮದುವೆ ಮನೆಗೆ ಹೋದವರ ಹಾಗೆ ಕಿರುಗುಡುತ್ತೆ. ಬೀದಿಯ ಆ ತುದಿಯಲ್ಲಿ ಒಬ್ಬರು ನಡೆದರೆ ಇಲ್ಲಿಗೆ ಕೇಳಿಸುತ್ತೆ. ಈಕೆ ಊರಿನ ಹುಡುಗಿ, ಇವಳಿಗೆ ಚಳಿ ಗೊತ್ತು ಅಂದರು. ಇವಳ ಅಜ್ಜ 1936ರ ಒಲಿಂಪಿಕ್ಸಿನಲ್ಲಿ ಸ್ಕೀಯಿಂಗ್ ಚಿನ್ನ ಗೆದ್ದವರು ಅಂತ ಸೇರಿಸಿದರು, ತಾವೇ ಗೆದ್ದ ಹಾಗೆ.

ನನಗೆ ಥಟ್ಟನೆ ನೀನೇ ಕಂಡೆ. ಮಲೆನಾಡಿನ ಕತೆ ಅಂತ ಯಾರೋ ಬರೆದ ಕಾದಂಬರಿಯಲ್ಲಿ ಆಷಾಢದಲ್ಲಿ ಅಂಗಳದ ತುಂಬ ಅಡಿಕೆ ಒಣಹಾಕಿದ್ದಾರೆ ಅಂತ ಪುಸ್ತಕ ಮುಚ್ಚಿ ಅಟ್ಟಕ್ಕೆ ಎಸೆದಿದ್ದೆಯಲ್ಲ. ಎಷ್ಟು ಹೇಳಿದರೂ ಮತ್ತೆ ತೆರೆಯಲಿಲ್ಲ.

ದಕ್ಷಿಣದಿಂದ ಬಂದು ಇಲ್ಲಿ ಪಾಠ ಮಾಡುವ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆ ಪುಸ್ತಕದ ಹಿಮ, ನಾಯಿ, ಸ್ನೋ ಸ್ಕೂಟರ್, ಆಕಾಶದಲ್ಲಿ ಹಸಿರು ಬೆಳಕು, ಎಲ್ಲ ಬಹಳ ಇಷ್ಟವಾಗಿತ್ತು. ಎಷ್ಟು ಬೇರೆ ಲೋಕ ಅಂದಳು. ಗಣಿಯವರು ಕಾಫಿ ಕೆಳಗಿಟ್ಟು 'ಬೇರೆ ಲೋಕ ಅಲ್ಲಮ್ಮ, ಹಿಂದಿನ ಬೀದಿ' ಅಂದರು. ಅವಳು ಪಾಪ ಕೆಂಪಾದಳು. ನನಗೂ ಒಳಗೇ ಸ್ವಲ್ಪ ನಾಚಿಕೆ ಆಯಿತು, ಬಂದ ಹೊಸದರಲ್ಲಿ ನಾನೂ ನಿಮಗೆಲ್ಲ ಕಳಿಸಿದ್ದು ಅಂಥವೇ ಫೋಟೋ.

ಇನ್ನೊಬ್ಬರು ಸುಮಾರು ಐವತ್ತರ ಹೆಂಗಸು, ಲೆಸ್ಟಾಡಿಯನ್ ಮನೆಯಲ್ಲಿ ಬೆಳೆದವರು. ಹತ್ತೊಂಬತ್ತನೇ ಶತಮಾನದಲ್ಲಿ ಈ ಸೀಮೆಯ ಪಾದ್ರಿ ಲಾರ್ಸ್ ಲೆವಿ ಲೆಸ್ಟಾಡಿಯಸ್ ಶುರು ಮಾಡಿದ ಪಂಥ ಅದು. ಇವರ ಮನೆಯಲ್ಲಿ ಟೀವಿ ಇಲ್ಲ, ಲಿಪ್‌ಸ್ಟಿಕ್ ಇಲ್ಲ, ಹೆಂಡ ಅಂತೂ ಕೇಳಲೇಬೇಡ. ಪುಸ್ತಕದ ಚರ್ಚು ಬೇರೆ ಬಗೆಯದು, ಮೈಕು, ಹಾಡು, ಮೈಮೇಲೆ ಬಂದವರ ಹಾಗೆ ಪ್ರಾರ್ಥನೆ. ಆದರೂ ಓದುತ್ತಾ ಮೊದಲು ಸಿಟ್ಟು ಬಂತು ಅಂದರು, ದೇವರನ್ನು ನಂಬುವವರೆಲ್ಲ ಕಳ್ಳರು ಅನ್ನುವ ಹಾಗಿದೆ ಅಂತ. ಸ್ವಲ್ಪ ಹೊತ್ತು ಬಿಟ್ಟು, 'ಆದರೆ ಹಿರಿಯರು ಸೇರಿ ಒಂದು ವಿಷಯ ಮುಚ್ಚಿಹಾಕುವಾಗ ದನಿ ಎಷ್ಟು ಮೆತ್ತಗಿರುತ್ತೆ ಅಂತ ಬರೆದಿದ್ದಾಳಲ್ಲ, ಅದು ಸರಿ ಇದೆ' ಅಂದರು. ಯಾರೂ ಮಾತಾಡಲಿಲ್ಲ. ಇಬ್ಬರು ಶುಪ್ ಅಂದರು.

ಕಿರುನಾ ಪುರಸಭೆಯ ಸೀಮೆ ನಮ್ಮ ಶಿವಮೊಗ್ಗ ಜಿಲ್ಲೆಯ ಎರಡು ಪಟ್ಟಿಗಿಂತ ದೊಡ್ಡದು, ಜನ ಮಾತ್ರ ಸುಮಾರು 22 ಸಾವಿರ. ಎಲ್ಲರಿಗೂ ಎಲ್ಲರೂ ಗೊತ್ತು. ಆ ಮೌನದಲ್ಲಿ ಅವರೆಲ್ಲ ಯಾವ ಮನೆಯ ನೆನಪು ಮಾಡಿಕೊಂಡರೋ.

ನನ್ನ ಸರದಿ ಬಂದಾಗ ನಾನು ನನ್ನ ಕಸುಬನ್ನೇ ಎತ್ತಿದೆ. ಹೆಸರೇ ಸೌರ ಬಿರುಗಾಳಿ, ಬಿಡಕ್ಕಾಗುತ್ತಾ? ಸೂರ್ಯನಿಂದ ಚಿಮ್ಮಿದ ಕಣಗಳು ಇಲ್ಲಿಗೆ ಬರಲು ಒಂದರಿಂದ ಮೂರು ದಿನ ಬೇಕು, ಆಕಾಶದ ಆ ಹಸಿರು ಬೆಳಕು ಹೊತ್ತಿಕೊಳ್ಳುವುದು ನೂರು ಕಿಲೋಮೀಟರ್ ಮೇಲೆ ಅಂತೆಲ್ಲ ನನ್ನ ಹರುಕು ಸ್ವೀಡಿಷಿನಲ್ಲಿ ಪಾಠ ಮಾಡಿದೆ. 2024ರ ಮೇ ತಿಂಗಳ ದೊಡ್ಡ ಬಿರುಗಾಳಿಯ ಕತೆಯನ್ನೂ ಹೇಳಿದೆ. ಆಗ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಯಿತು, ಪೇಪರಿನಲ್ಲಿ ನೋಡಿ ನೀನೇ ಫೋನ್ ಮಾಡಿದ್ದೆ, 'ನಿಮ್ಮೂರಲ್ಲಿ ಹೇಗಿತ್ತೇ' ಅಂತ. ನಮ್ಮೂರಲ್ಲಿ ಏನೂ ಇಲ್ಲ! ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಸರಿಯಾಗಿ ಕತ್ತಲೇ ಆಗಲ್ಲವಲ್ಲ. ಅದನ್ನೇ ನೋಡಲು ಇರುವ ಊರಿನಲ್ಲಿ ಕೂತು ನಾವೆಲ್ಲ ಹಾನ್ಲೆಯ ಫೋಟೋ ನೋಡಿದೆವು. ಎಲ್ಲರೂ ನಕ್ಕರು. ಗಣಿಯವನು ಗಣಿ ಹುಡುಕಿದ, ಇವಳು ಸೂರ್ಯನನ್ನು ಹುಡುಕಿದಳು, ಇನ್ನು ಇವಳೂ ನಮ್ಮೂರಿನವಳೇ ಅಂದರು. ನಾನು ಕೆಲಸ ಮಾಡುವ ಸಂಸ್ಥೆ 2008ರ ಚಂದ್ರಯಾನಕ್ಕೆ ನಮ್ಮವರ ಜೊತೆ ಸೇರಿ ಒಂದು ಉಪಕರಣ ಮಾಡಿತ್ತು ಅಂತ ಗಣಿಯವರಿಗೂ ಗೊತ್ತಿತ್ತು. ಅಪ್ಪನಿಗೆ ಹೇಳು, ಖುಷಿಪಡುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ರೆಬೆಕಾ ನನಗೆ ಅಷ್ಟು ಹಿಡಿಸಲಿಲ್ಲ. ಆ ಗೆಳತಿ ಕರೆದಾಗಲೆಲ್ಲ ಓಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಮತ್ತೆ ಓಡುತ್ತಾಳೆ. ಇಷ್ಟವಾದದ್ದು ಪೊಲೀಸಿನ ಅನ್ನಾ-ಮರಿಯಾ. ತುಂಬು ಬಸುರಿ, ನಾಲ್ಕನೇ ಮಗು, ಕುರ್ಚಿಯಿಂದ ಏಳಲು ಒದ್ದಾಡುತ್ತಾ ಕೊಲೆಯ ಲೆಕ್ಕ ಹಾಕುತ್ತಾಳೆ. ಆಮೇಲೆ ಹಳ್ಳಿಯ ಮುದುಕ ಸಿವ್ವಿಂಗ್. ಹೆಂಡತಿ ಹೋದ ಮೇಲೆ ಅಷ್ಟು ದೊಡ್ಡ ಮನೆ ಬೇಡ ಅಂತ ನೆಲಮಾಳಿಗೆಯ ಬಾಯ್ಲರ್ ಕೋಣೆಯಲ್ಲಿ ನಾಯಿ ಜೊತೆ ಇರುತ್ತಾನೆ. ಅವನು ಬಂದಾಗಲೆಲ್ಲ ಪುಟ ಬೆಚ್ಚಗಾಗುತ್ತೆ. ಕೊನೆಯ ಭಾಗ ಅವಸರ ಅನ್ನಿಸಿತು, ಅಷ್ಟು ಹೊತ್ತು ನಿಧಾನಕ್ಕೆ ಕುದಿಸಿ ಕೊನೆಗೆ ಉಕ್ಕಿಸಿಬಿಟ್ಟ ಹಾಲಿನ ಹಾಗೆ. ಇದಕ್ಕೆ ಯಾರೂ ಶುಪ್ ಅನ್ನಲಿಲ್ಲ.

ಎಲ್ಲರಿಗಿಂತ ಕೊನೆಗೆ ಮಾತಾಡಿದ್ದು ಆ ಅಜ್ಜಿ. ಅವರು ಬರುವುದು ಸ್ಪಾರ್ಕಿನಲ್ಲಿ. ಅಂದರೆ ಕುರ್ಚಿಯ ಕಾಲಿಗೆ ಎರಡು ಉದ್ದ ಕಬ್ಬಿಣದ ಪಟ್ಟಿ ಹೊಡೆದ ಹಾಗಿರುವ ಗಾಡಿ, ಹಿಂದೆ ನಿಂತು ಒಂದು ಕಾಲಲ್ಲಿ ಒದ್ದರೆ ಹಿಮದ ಮೇಲೆ ಜಾರಿಕೊಂಡು ಹೋಗುತ್ತೆ. ಎಂಬತ್ತು ದಾಟಿದೆ. ಲೈಬ್ರರಿಯದಲ್ಲ, ತಮ್ಮದೇ ಹಳೇ ಪ್ರತಿ ತಂದಿದ್ದರು, ಬೆನ್ನು ಕಿತ್ತು ಬಂದದ್ದು. ಒಳಗೆ ಪುಟಪುಟಕ್ಕೂ ಪೆನ್ಸಿಲ್ ಗೆರೆ. ಕೊಲೆಯ ಸುಳಿವಿಗೆ ಹಾಕಿದ್ದು ಅಂದುಕೊಂಡೆ. ಅಲ್ಲ. ಊರಿನ ಜಾಗದ ಹೆಸರು ಬಂದಲ್ಲೆಲ್ಲ ಗೆರೆ, ಪಕ್ಕದಲ್ಲಿ ಕೆಲವಕ್ಕೆ ಸಣ್ಣ ಕತ್ತರಿ ಗುರುತು.

ಈ ಊರನ್ನೇ ಎತ್ತಿ ಪಕ್ಕಕ್ಕೆ ಇಡುತ್ತಿದ್ದಾರೆ ಅಂತ ಹೇಳಿದ್ದೆನಲ್ಲ. ಅದಿರು ತೆಗೆಯುತ್ತಾ ಹೋದ ಹಾಗೆ ಮೇಲಿನ ನೆಲ ಕುಸಿಯುತ್ತೆ. ಊರು ಜಾಗ ಬಿಡಬೇಕು ಅಂತ ಸುದ್ದಿ ಬಂದದ್ದು 2004ರಲ್ಲಿ, ಪುಸ್ತಕ ಬಂದ ಮರುವರ್ಷ. ಹೊಸ ಪೇಟೆ ಮೂರು ಕಿಲೋಮೀಟರ್ ಆಚೆ ಶುರುವಾದದ್ದು 2022ರಲ್ಲಿ. ಹೋದ ಆಗಸ್ಟಿನಲ್ಲಿ 1912ರ ಮರದ ಚರ್ಚನ್ನು ಹಾಗೇ ಎತ್ತಿ, 672 ಟನ್ ಅಮ್ಮಾ, ಗಾಲಿಗಳ ಮೇಲೆ ಕೂರಿಸಿ ಐದು ಕಿಲೋಮೀಟರ್ ತಂದರು, ಎರಡು ದಿನ ಹಿಡಿಯಿತು. ವಿಡಿಯೋ ಕಳಿಸಿದ್ದೆ. ಚರ್ಚು ಬಂತು, ಅದರ ಸುತ್ತ ಇದ್ದ ಊರು ಅದರ ಜೊತೆ ಬರಲಿಲ್ಲ.

ಅಜ್ಜಿ ಪುಸ್ತಕ ತೆರೆದು ಬೆರಳಿಟ್ಟು ತೋರಿಸುತ್ತಾ ಹೋದರು. ಇದು ಇಲ್ಲ. ಇದೂ ಇಲ್ಲ. ಇದು ಇದೆ, ಆದರೆ ಬೇಲಿ ಹಾಕಿದ್ದಾರೆ. ಕೊಲೆ ಯಾರು ಮಾಡಿದ್ದು ಅಂತ ಮರೆತೇ ಹೋಗಿದೆ, ಈ ಬೀದಿಗಳಲ್ಲಿ ನಡೆಯಬೇಕು ಅನ್ನಿಸಿದಾಗ ತೆಗೆದು ಓದುತ್ತೇನೆ ಅಂದರು.

ನಾನು ಅವರಿಗೆ ಲಿಂಗನಮಕ್ಕಿಯ ಕತೆ ಹೇಳಿದೆ. ಅರುವತ್ತರ ದಶಕದಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನಿಮ್ಮ ತವರುಮನೆ ನೀರಿಗೆ ಹೋದದ್ದು, ನೀನಾಗ ಕಂಕುಳ ಕೂಸಲ್ಲ, ನಡೆಯುವ ಹುಡುಗಿ, ಗಾಡಿಯಲ್ಲಿ ಬಾಗಿಲು ಕಿಟಕಿ ಕಿತ್ತು ಹೇರಿಕೊಂಡು ಬಂದದ್ದು, ಬೇಸಿಗೆಯಲ್ಲಿ ನೀರು ಇಳಿದಾಗ ಮಾವ ದೋಣಿಯಲ್ಲಿ ಹೋಗಿ ಇಲ್ಲೇ ಬಾವಿ ಇತ್ತು ಅಂತ ತೋರಿಸುವುದು. ಮುಳುಗಡೆ ಅನ್ನುವ ಮಾತಿಗೆ ಸ್ವೀಡಿಷಿನಲ್ಲಿ ಸರಿಯಾದದ್ದು ಸಿಗದೆ ಕೈಯಲ್ಲೇ ತೋರಿಸಿದೆ. ಅಜ್ಜಿ ಅದರ ಬಗ್ಗೆ ಯಾರಾದರೂ ಪತ್ತೇದಾರಿ ಬರೆದಿದ್ದಾರಾ ಅಂತ ಕೇಳಿದರು. ಬರೆದಿದ್ದಾರಾ ಅಮ್ಮಾ? ನಿನಗೆ ಗೊತ್ತಿರಬೇಕು.

ಕತೆಯನ್ನು ಭಾನುವಾರದ ಫೋನಿನಲ್ಲಿ ಒಂದೊಂದೇ ಅಧ್ಯಾಯ ಹೇಳುತ್ತೇನೆ. ಕೊಲೆಗಾರ ಯಾರು ಅಂತ ಮೊದಲೇ ಪೀಡಿಸಬೇಡ. ಅಳಿಯನನ್ನು ಕೇಳಿಯೂ ಉಪಯೋಗವಿಲ್ಲ, ಅವರು ಓದಿಲ್ಲ.

ಇನ್ನೊಂದು ಕೆಲಸ ಇದೆ. ಮಾರ್ಚಿನ ಕೂಟಕ್ಕೆ ನಮ್ಮ ಕಡೆಯ ಒಂದು ಪತ್ತೇದಾರಿ ತಂದು ತೋರಿಸು, ಕತೆಯನ್ನು ನೀನೇ ಹೇಳು ಅಂದಿದ್ದಾರೆ. ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದಾದರೂ ಗೆದ್ದಲಿಗೆ ಸಿಗದೆ ಉಳಿದಿದ್ದರೆ ತಮ್ಮನ ಹತ್ತಿರ ಪೋಸ್ಟ್ ಮಾಡಿಸು, ಹಪ್ಪಳದ ಜೊತೆ ಇಟ್ಟರೂ ಸರಿ. ಕೊನೆಯ ಹಾಳೆ ಹರಿದಿದ್ದರೂ ಪರವಾಗಿಲ್ಲ, ಅದು ನಿನಗೆ ಬಾಯಿಪಾಠ ಇರುತ್ತಲ್ಲ.

ನಿನ್ನ
ಪುಟ್ಟಿ